ಬೀಗದಂಗಡಿಗೆ ನೂರಕ್ಕೆ ನೂರು ಹಾಜರಿ

ಮೊದಲೇ ಹೇಳಿಬಿಡುತ್ತೇನೆ, ಆ ದಿನ ನಾನು ಸಿಟ್ಟು ಮಾಡಿಕೊಂಡದ್ದು ತಪ್ಪಲ್ಲ. ಯಾರ ಮೇಲೆ ಮಾಡಿಕೊಳ್ಳಬೇಕಾಗಿತ್ತು ಅನ್ನುವುದರಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಡಿಮೆ ಆಯಿತು. ಅದು ಯಾರಿಗಾದರೂ ಆಗುವಂಥದ್ದೇ.

ನನ್ನದು ಬೀಗ ರಿಪೇರಿ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಬೀಗ ತೆಗೆದು, ಕೀ ಮಾಡಿಕೊಟ್ಟು ಬದುಕಿದ್ದೇನೆ. ನಮ್ಮಪ್ಪ ಕಲಿಸಿಕೊಟ್ಟ ನಿಯಮ ಒಂದೇ. ಬೀಗ ಮುಟ್ಟುವ ಮೊದಲು "ಇದು ಯಾರದ್ದು?" ಅಂತ ಕೇಳಬೇಕು. ಒಡೆಯ ಎದುರಿಗೆ ನಿಂತು "ನನ್ನದು, ತೆಗಿ" ಅನ್ನಬೇಕು. ಹಾಗೆ ಅನ್ನದಿದ್ದರೆ ಸ್ವಂತ ತಮ್ಮನ ಮನೆ ಬೀಗವಾದರೂ ಕೈ ಹಾಕುವ ಹಾಗಿಲ್ಲ. ಇಷ್ಟು ನಿಯತ್ತಿನ ಮನುಷ್ಯನ ಮಗಳಿಗೆ ಶಾಲೆಯವರು ಅನ್ಯಾಯ ಮಾಡಿದರು ಅಂದರೆ ಹೊಟ್ಟೆ ಉರಿಯುವುದಿಲ್ಲವೇ? ನೀವೇ ಹೇಳಿ.

ಒಂದು ವರ್ಷ ಪೂರ್ತಿ ಫೋನಿನಲ್ಲೇ ಪಾಠ ಮುಗಿಸಿದ ಶಾಲೆ ಅವತ್ತು ಮತ್ತೆ ಬಾಗಿಲು ತೆರೆಯುವುದಿತ್ತು. ನನ್ನ ಮಗಳು ಚೋಟುದ್ದ ಇದ್ದಾಳೆ, ಮೂರು ಮನೆಗೆ ಕೇಳುವಷ್ಟು ಬಾಯಿದೆ, ಅದಕ್ಕೇ ಅವಳು ಎಲ್ಲರಿಗೂ ಚೋಟು. ಬೆಳಿಗ್ಗೆ ಐದಕ್ಕೇ ಎದ್ದು ಯೂನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು. ಅಂಗಿಯ ತೋಳು ಮೊಣಕೈ ಹತ್ತಿರ ಬಂದಿತ್ತು. ಬೂಟಿನೊಳಗೆ ಹಿಮ್ಮಡಿ ಇಳಿಯುತ್ತಿರಲಿಲ್ಲ, ತುಳಿದುಕೊಂಡೇ ನಡೆಯುತ್ತೇನೆ ಅಂದಳು.

"ಅಪ್ಪಾ, ಐದನೇ ಕ್ಲಾಸಲ್ಲಿ ನಾನು, ಕನ್ನಡಕದವಳು ಒಂದೇ ಬೆಂಚು. ಅವಳು ಜಾಗ ಹಿಡಿದಿಟ್ಟಿರ್ತಾಳೆ. ಬೇಗ ಹೋಗ್ಬೇಕು."

ಕನ್ನಡಕದವಳು ಅಂದರೆ ಅವಳ ಜೀವದ ಗೆಳತಿ. ಒಂದು ವರ್ಷದಿಂದ ಮುಖ ನೋಡಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಜೆರಾಕ್ಸ್ ಅಂಗಡಿಯವನು ಓಡಿಬಂದ. ಶಾಲೆಯ ಸುದ್ದಿಪತ್ರ ಅಚ್ಚು ಮಾಡುವುದು ಅವನೇ. ಊರಿಗೆಲ್ಲ ಹಂಚುವ ಮೊದಲು ತಾನು ಓದಿ, ಯಾರ ಮನೆಯಲ್ಲಿ ಜಗಳ ಹತ್ತಿಕೊಳ್ಳುತ್ತದೋ ಆ ಮನೆಗೆ ಮೊದಲ ಪ್ರತಿ ತಂದುಕೊಡುವುದು ಅವನ ಸಮಾಜಸೇವೆ.

"ಅಣ್ಣಾ, ಸಿಹಿ ಸುದ್ದಿ ಒಂದು, ಕಹಿ ಸುದ್ದಿ ಒಂದು. ಯಾವುದು ಮೊದಲು ಓದ್ಲಿ?"

"ಕೊಡಯ್ಯ ಇಲ್ಲಿ!" ಅಂತ ಕಿತ್ತುಕೊಂಡೆ.

ಮೊದಲ ಪುಟದಲ್ಲಿ "ಮರಳಿ ಬನ್ನಿ ಮಕ್ಕಳೇ" ಅಂತ ದೊಡ್ಡಕ್ಷರ. ಅದರ ಕೆಳಗೆ, ಹೂವಿನ ಚೌಕಟ್ಟಿನೊಳಗೆ: "ಫೋನ್ ತರಗತಿಗಳಿಗೆ ಒಂದು ದಿನವೂ ತಪ್ಪದೆ ಹಾಜರಾಗಿ, ಕೇಳಿದ ಪ್ರತಿಯೊಂದು ಪ್ರಶ್ನೆಗೂ ಉತ್ತರಿಸಿ ಐದನೇ ತರಗತಿಗೆ ತೇರ್ಗಡೆಯಾದ ವರ್ಷದ ವಿದ್ಯಾರ್ಥಿ: ಬೀಗದಂಗಡಿ." ಕೊನೆಯ ಪುಟದಲ್ಲಿ, ಸತ್ತವರ ಸುದ್ದಿಗೆ ಹಾಕುವಂಥ ಕಪ್ಪು ಚೌಕಟ್ಟಿನೊಳಗೆ: "ಇಡೀ ವರ್ಷ ಒಂದು ದಿನವೂ ಹಾಜರಾಗದೆ ನಾಲ್ಕನೇ ತರಗತಿಯಲ್ಲೇ ಮುಂದುವರಿಯುವವರು." ಅಲ್ಲಿ ಒಂದೇ ಒಂದು ಹೆಸರು ಇತ್ತು. ನನ್ನ ಮಗಳದ್ದು.

ಪಿತ್ತ ನೆತ್ತಿಗೇರಿತು.

ನಡೆದದ್ದು ಇಷ್ಟು. ಪಾಠ ಫೋನಿಗೆ ಬಂದಾಗ ಮನೆಯಲ್ಲಿದ್ದದ್ದು ಅಂಗಡಿಯ ಫೋನ್ ಒಂದೇ. ನನ್ನ ಬಾಮೈದ ಅದಕ್ಕೆ ಏನೇನೋ ಹಾಕಿಕೊಟ್ಟ. ತೆರೆಯ ಮೇಲೆ ಮಗಳ ಹೆಸರಿನ ಜಾಗದಲ್ಲಿ "ಬೀಗದಂಗಡಿ" ಅಂತ ಬರುತ್ತಿತ್ತು. "ಭಾವ, ಬದಲಾಯಿಸ್ಲಾ?" ಅಂತ ಅವನು ಕೇಳಿದ್ದು ನಿಜ. "ಇರಲಿ ಬಿಡೋ, ನಲವತ್ತು ಮನೆಯವರ ಕಣ್ಣಿಗೆ ದಿನಾ ಬೀಳತ್ತೆ, ಪುಕ್ಕಟೆ ಜಾಹೀರಾತು" ಅಂತ ನಾನು ಅಂದದ್ದೂ ನಿಜ. ಮಿಸ್ಸು ದಿನಾ ಬೆಳಿಗ್ಗೆ "ಬೀಗದಂಗಡಿ?" ಅಂತ ಹಾಜರಿ ಕೂಗುವುದು, ಈ ಕಡೆಯಿಂದ "ಯಸ್ ಮಿಸ್" ಅನ್ನುವುದು. ಅವರು ಹೊಸಬರು, ಒಂದು ಮಗುವಿನ ಮುಖವನ್ನೂ ಕಂಡವರಲ್ಲ. ನಮ್ಮ ಅಂಗಡಿಯ ಗಲೀಜು ಕಾಣಬಾರದು ಅಂತ ನಾವೂ ಕ್ಯಾಮೆರಾ ಹಾಕುತ್ತಿರಲಿಲ್ಲ. ಅದಕ್ಕೆ ಅಂಗಡಿಯನ್ನು ಪಾಸು ಮಾಡಿ ಮಗುವನ್ನು ಫೇಲು ಮಾಡುವುದೇ?

"ಚೋಟು ದಿನಾ ಕ್ಲಾಸಿಗೆ ಕೂತಿದ್ಲಲ್ಲ!" ಅಂತ ನಾನು ಅರಚಿದೆ.

ಹೆಂಡತಿ ಚಹಾದ ಲೋಟ ಕುಕ್ಕಿದಳು. "ಕೂತಿದ್ಲಾ?" ಅಂದಳು.

"ಕೂತಿದ್ಲು. ನಾನೂ ಪಕ್ಕದಲ್ಲಿ ಕೂತು ಒಂದೊಂದ್ಸಲ ಸಹಾಯ ಮಾಡ್ತಿದ್ದೆ. ಅಷ್ಟೇ."

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ನನ್ನ ಹೆಂಡತಿ ಏನೂ ಅನ್ನದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಆದರೆ ಅವತ್ತು ಅದನ್ನೆಲ್ಲ ಗಮನಿಸುವಷ್ಟು ವ್ಯವಧಾನ ಯಾರಿಗಿತ್ತು?

ಚೋಟು ಸುದ್ದಿಪತ್ರವನ್ನು ಎರಡು ಸಲ ಓದಿದಳು. "ನಾಲ್ಕನೇ ಕ್ಲಾಸಾ?" ಅಂದಳು. ಮೂರು ಮನೆಗೆ ಕೇಳುವ ಹುಡುಗಿ ಅಂದದ್ದು ನನಗೇ ಸರಿಯಾಗಿ ಕೇಳಲಿಲ್ಲ. "ಚಿಕ್ಕ ಮಕ್ಕಳ ಜೊತೆ ಕೂತ್ಕೋಬೇಕಾ?"

"ಕೂತ್ಕೋಬೇಡ! ನಿಮ್ಮಪ್ಪ ಸತ್ತಿಲ್ಲ ಇನ್ನೂ!"

ಅಷ್ಟು ಹೊತ್ತಿಗೆ ಜೆರಾಕ್ಸಿನವನು ಪುಟದ ಫೋಟೋ ತೆಗೆದು ಬೀದಿಗೆಲ್ಲ ಕಳಿಸಿಯಾಗಿತ್ತು. ಅತ್ತೆಯ ಫೋನ್ ಬಂತು.

"ಏನಳಿಯಂದ್ರೆ, ನಿಮ್ಮ ಅಂಗಡಿ ಪಾಸಾಯ್ತಂತೆ, ಮೊಮ್ಮಗಳು ಫೇಲಂತೆ?"

"ಅತ್ತೇ, ಅದು ತಪ್ಪು ಸುದ್ದಿ."

"ಅಚ್ಚಾಗಿದೆಯಲ್ಲಪ್ಪ. ಹೋಗ್ಲಿ ಬಿಡಿ, ಮನೆಯಲ್ಲಿ ಒಬ್ಬರಾದ್ರೂ ಓದಿದ್ರಲ್ಲ."

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ನಮ್ಮತ್ತೆಯನ್ನು ಮೀರಿಸುವವರಿಲ್ಲ. ನಾನು ಕೆಲಸದ ಚೀಲವನ್ನು ಹೆಗಲಿಗೆ ಹಾಕಿಕೊಂಡೆ, ಮಗಳ ಕೈ ಹಿಡಿದೆ, ಹೊರಟೆ.

ಶಾಲೆಯ ಗೇಟಿನಲ್ಲಿ ಕಾವಲುಗಾರ ಒಂದು ಪಿಸ್ತೂಲಿನಂಥದ್ದನ್ನು ನನ್ನ ಹಣೆಗೆ ಹಿಡಿದ.

"ಜ್ವರ ನೋಡೋದು ಸಾರ್. ಸ್ವಲ್ಪ ಜಾಸ್ತಿ ತೋರಿಸ್ತಿದೆ."

"ಅದು ಜ್ವರ ಅಲ್ಲ ಕಣಯ್ಯ, ಸಿಟ್ಟು!"

"ಇದರಲ್ಲಿ ಎರಡೂ ಒಂದೇ ಥರ ಬರತ್ತೆ ಸಾರ್. ಹೇಗೂ ಪೋಷಕರನ್ನ ಒಳಗೆ ಬಿಡಂಗಿಲ್ಲ. ಮಗು ಯಾವ ಕ್ಲಾಸು?"

"ಐದು."

ಅವನು ಪಟ್ಟಿ ನೋಡಿದ. "ನಾಲ್ಕು ಅಂತಿದೆ. ನಾಲ್ಕರವರಿಗೆ ಹಿಂದಿನ ಗೇಟು."

"ನನ್ನ ಮಗಳನ್ನ ಹಿಂದಿನ ಗೇಟಿಗೆ ಕಳಿಸ್ತೀಯಾ? ನಿನ್ನ ಹೆಡ್ ಮಿಸ್ಸನ್ನ ಕರಿ! ಗುಮಾಸ್ತನ್ನ ಕರಿ! ಆ ಸುದ್ದಿಪತ್ರ ಬರೆದವನ್ನ ಕರಿ!"

ಹಿಂದೆ ನಿಂತಿದ್ದ ಅಪ್ಪ ಅಮ್ಮಂದಿರು ಎಲ್ಲ ನನ್ನನ್ನೇ ನೋಡಿದರು. ಒಬ್ಬಾಕೆ "ಬೀಗದಂಗಡಿಯ ಅಪ್ಪ ನೀವೇನಾ? ಎಂಥಾ ಬುದ್ಧಿವಂತ ಮಗು ರೀ ನಿಮ್ಮದು! ನಮ್ಮವನಿಗೆ ದಿನಾ ಅದನ್ನ ತೋರಿಸಿಯೇ ಬೈತಿದ್ದೆ" ಅಂದಳು. ಚೋಟು ನೆಲ ನೋಡಿದಳು. ನಾನು ಇನ್ನೂ ಎರಡು ಮಾತು ಜೋರಾಗಿಯೇ ಆಡುವವನಿದ್ದೆ, ಅಷ್ಟರಲ್ಲಿ ಒಳಗಿಂದ ಜವಾನ ಓಡಿಬಂದ.

"ಐದನೇ ಕ್ಲಾಸಿನ ಬೀಗಕ್ಕೆ ತುಕ್ಕು ಹಿಡಿದಿದೆ, ತಿರುಗಿಸಿದ್ರೆ ಕೀ ಒಳಗೇ ಮುರ್ಕೊಂಡ್ತು. ಹೆಡ್ ಮಿಸ್ಸು ಬೀಗದವರನ್ನ ತಕ್ಷಣ ಕರ್ಕೊಂಡ್ಬಾ ಅಂದ್ರು!"

ಕಾವಲುಗಾರ ನನ್ನ ಚೀಲ ನೋಡಿದ. "ನೀವು ಬೀಗದವರಾ? ಮೊದಲೇ ಹೇಳಬಾರದಾ ಸಾರ್? ಬೀಗದವರು ಹೋಗಬಹುದು, ಪೋಷಕರು ಮಾತ್ರ ಹೋಗಂಗಿಲ್ಲ."

"ಇವಳು ನನ್ನ ಕೈಕೆಲಸದವಳು" ಅಂದೆ ಚೋಟುವನ್ನು ತೋರಿಸಿ. ಅವಳನ್ನೂ ಬಿಟ್ಟ. ಆಗ ಅದು ಸುಳ್ಳು ಅಂತ ನಾನು ಅಂದುಕೊಂಡಿದ್ದೆ.

ನೇರ ಆಫೀಸಿಗೆ ನುಗ್ಗಿದೆ. ಗುಮಾಸ್ತ ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಕೂತಿದ್ದ.

"ನೋಡಿ, ದಾಖಲೆ ಪ್ರಕಾರ ನಿಮ್ಮ ಮಗಳು ಇನ್ನೂರ ಹತ್ತು ದಿನ ಗೈರು. ಬೀಗದಂಗಡಿ ಇನ್ನೂರ ಹತ್ತು ದಿನ ಹಾಜರು. ಅವರಿಗೆ ಹೊಸ ನಂಬರ್ ಕೊಟ್ಟು ಸೇರಿಸ್ಕೊಂಡಿದ್ದೀವಿ. ನಲವತ್ತೊಂದು. ಎಲ್ಲಿ ಆ ಮಗು? ಯಾಕೆ ಕರ್ಕೊಂಡು ಬಂದಿಲ್ಲ?"

"ಅದು ಮಗು ಅಲ್ಲ ಮಾರಾಯ, ಅಂಗಡಿ!"

"ಅಂಗಡಿ ಹದಿನಾರರ ಮಗ್ಗಿ ಹೇಳತ್ತಾ ಸಾರ್?"

"ಹೇಳಿದ್ದು ನನ್ನ ಮಗಳು!"

"ನಿಮ್ಮ ಮಗಳು ಗೈರು."

"ಇಲ್ಲೇ ನಿಂತಿದ್ದಾಳಲ್ಲ, ಕಣ್ಣು ಕಾಣಲ್ವಾ?"

"ಇವತ್ತಿಂದು ಇವತ್ತು. ಹೋದ ವರ್ಷದ್ದು ಹೋದ ವರ್ಷ. ಐದನೇ ಕ್ಲಾಸಲ್ಲಿ ಒಟ್ಟು ನಲವತ್ತು ಜಾಗ. ನಲವತ್ತನೇದು ಬೀಗದಂಗಡಿಗೆ ಹೋಗಿದೆ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೋಣವಾದರೂ ಕಿವಿ ಅಲ್ಲಾಡಿಸುತ್ತದೆ. ಈತ ಪುಸ್ತಕದ ಪುಟ ತಿರುಗಿಸಿದ. ನಾನು ಮೇಜು ಗುದ್ದಿದೆ, ಮಸಿ ಕುಡಿಕೆ ಉರುಳಿತು, ಅದಕ್ಕೂ ಒಂದು ದೂರು ಬರೆದುಕೊಂಡ.

ಹೆಡ್ ಮಿಸ್ಸು ಐದನೇ ತರಗತಿಯ ಬಾಗಿಲಲ್ಲಿ ನಿಂತಿದ್ದರು. ಅಲ್ಲಿ ಮೂವತ್ತೊಂಬತ್ತು ಮಕ್ಕಳು ಚೀಲ ಹೊತ್ತು ಸಾಲಾಗಿ ಕಾಯುತ್ತಿದ್ದರು. ಸಾಲಿನ ಮುಂದೆ ಕನ್ನಡಕದವಳು. ಚೋಟುವನ್ನು ಕಂಡು ಕೈ ಬೀಸಿದಳು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ನಿಂತಿದ್ದಳು. ನನ್ನ ಸಿಟ್ಟು ಇಮ್ಮಡಿಯಾಯಿತು.

"ಬೀಗ ತೆಗೀರಿ, ಮಕ್ಕಳು ಕಾಯ್ತಿದ್ದಾರೆ" ಅಂದರು ಹೆಡ್ ಮಿಸ್ಸು.

"ತೆಗಿಯಲ್ಲ."

"ಅಂದ್ರೆ?"

"ನನ್ನ ಮಗಳಿಗೆ ಜಾಗ ಇಲ್ಲದ ಕ್ಲಾಸಿನ ಬೀಗ ನಾನು ತೆಗಿಯಲ್ಲ! ಮೊದಲು ಅವಳ ಹೆಸರು ಐದನೇ ಕ್ಲಾಸಿಗೆ ಬರೀರಿ. ಆಮೇಲೆ ಬೀಗ."

ನನ್ನ ಜೀವಮಾನದಲ್ಲಿ ನಾನು ಅಷ್ಟು ಎತ್ತರ ನಿಂತದ್ದು ಇನ್ನೊಮ್ಮೆ ಇಲ್ಲ.

ಹೆಡ್ ಮಿಸ್ಸು ನ್ಯಾಯವಂತೆ ಅನ್ನುವುದನ್ನು ಒಪ್ಪಿಕೊಳ್ಳಬೇಕು. "ಸರಿ. ಪಾಠ ಮಾಡಿದ ಮಿಸ್ಸು ಇಲ್ಲೇ ಇದ್ದಾರೆ. ಮೂರು ಪ್ರಶ್ನೆ ಕೇಳ್ತಾರೆ. ಮಗು ಉತ್ತರ ಹೇಳಿದ್ರೆ ಕ್ಲಾಸಿಗೆ ಕೂತಿದ್ದವಳು ಅವಳೇ ಅಂತ ಆಯ್ತು. ಒಂದು ಹೇಳಿದ್ರೂ ಸಾಕು" ಅಂದರು.

ಹೊಸ ಮಿಸ್ಸು ಮುಂದೆ ಬಂದರು. ಎಳೆ ವಯಸ್ಸು, ಹೆದರಿದ ಮುಖ. ಚೋಟುವಿನ ಗಲ್ಲ ಹಿಡಿದು "ನೀನೇನಾ ನಮ್ಮ ಬೀಗದಂಗಡಿ? ಇಷ್ಟು ಪುಟ್ಟ ಹುಡುಗಿಯಾ?" ಅಂದರು. ಚೋಟು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಹದಿನಾರು ಏಳಲ ಎಷ್ಟಮ್ಮ?"

ಚೋಟು ಸುಮ್ಮನಿದ್ದಳು.

ನೂರ ಹನ್ನೆರಡು! ನನ್ನ ನಾಲಿಗೆ ತುದಿಯಲ್ಲಿ ಕುಣಿಯುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ.

"ಹೋಗ್ಲಿ. ಗಿಡ ಎಲ್ಲಿ ಆಹಾರ ತಯಾರು ಮಾಡ್ಕೊಳ್ಳತ್ತೆ?"

ಚೋಟು ಸುಮ್ಮನಿದ್ದಳು. ಎಲೆಯಲ್ಲಿ, ಎಲೆಯಲ್ಲಿ, ಎಲೆಯಲ್ಲಿ! ಸಾಲಿನಲ್ಲಿದ್ದ ಕನ್ನಡಕದವಳು ಕಣ್ಣು ಮುಚ್ಚಿಕೊಂಡಳು.

ಮಿಸ್ಸಿಗೇ ಅಳು ಬರುವ ಹಾಗಾಗಿತ್ತು. ಸುತ್ತ ನೋಡಿದರು, ಬಾಗಿಲ ಮೇಲಿನ ಬೀಗ ಕಣ್ಣಿಗೆ ಬಿತ್ತು. "ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯತ್ತೆ ಕಂದಾ?"

ಚೋಟು ತಲೆಯೆತ್ತಿದಳು. ಅವಳ ಮುಖ ಅರಳಿದ್ದು ನನಗೆ ಕಂಡಿತು. ಬಾಯಿ ತೆರೆದದ್ದೂ ಕಂಡಿತು. ದೇವರಾಣೆ ಕಂಡಿತು. ಆದರೆ ಇನ್ನೂರ ಹತ್ತು ದಿನದ ಅಭ್ಯಾಸ ಅಂದರೆ ಸುಮ್ಮನೆ ಅಲ್ಲ.

"ನೀರು ಮತ್ತು ಗಾಳಿಯಲ್ಲಿರೋ ಆಮ್ಲಜನಕ ಸೇರೋದ್ರಿಂದ, ಮಿಸ್!" ಅಂತ ಕೈಯೆತ್ತಿ ಕೂಗಿದೆ.

ಮಿಸ್ಸು ಬೆಚ್ಚಿಬಿದ್ದರು. ಆಮೇಲೆ ಅವರ ಮುಖದಲ್ಲಿ ಕಳೆದುಹೋದ ಮಗು ಸಿಕ್ಕಿದಂಥ ಸಂತೋಷ. "ಇದೇ ದನಿ! ಇವರೇ ಬೀಗದಂಗಡಿ! ಗಂಟಲು ಕಟ್ಟಿದೆ ಮಿಸ್, ಗಂಟಲು ಕಟ್ಟಿದೆ ಮಿಸ್ ಅಂತ ವರ್ಷವಿಡೀ ಹೇಳ್ತಿದ್ರಲ್ಲ! ನಾನು ದಿನಾ ಬಿಸಿನೀರು ಕುಡಿ ಮರಿ ಅಂತಿದ್ದೆ!"

"ಕುಡಿದಿದ್ದೀನಿ ಮಿಸ್" ಅಂದೆ. ಇನ್ನೇನು ಅನ್ನಲಿ?

ಮೂವತ್ತೊಂಬತ್ತು ಮಕ್ಕಳು ಒಟ್ಟಿಗೆ ನಕ್ಕರು. ನಮ್ಮ ಹಿಂದೆಯೇ ಬಂದಿದ್ದ ಗುಮಾಸ್ತ ಪುಸ್ತಕ ತೆರೆದು "ಹಾಜರು" ಅಂತ ಗುರುತು ಹಾಕಿಕೊಂಡ. ಆದರೆ ಆ ಗದ್ದಲವನ್ನೆಲ್ಲ ಒಂದು ದನಿ ನುಂಗಿಹಾಕಿತು.

"ನನಗೆ ಗೊತ್ತಿತ್ತು!"

ಚೋಟು ಕಾಲು ನೆಲಕ್ಕೆ ಅಪ್ಪಳಿಸಿದಳು. ಬೂಟು ಕಳಚಿ ಆ ಕಡೆ ಹಾರಿತು.

"ಇದೊಂದು ನನಗೆ ಗೊತ್ತಿತ್ತು! ನಾನೇ ಹೇಳ್ತಿದ್ದೆ! ಯಾವಾಗ್ಲೂ ಹೀಗೇ! ಮೊದಲನೇ ದಿನಾನೂ ಹೀಗೇ ಮಾಡಿದ್ರಿ! ನಾನು ಯೋಚನೆ ಮಾಡ್ತಿದ್ರೆ ಅಷ್ಟರಲ್ಲಿ ಇವರು ಹೇಳ್ಬಿಡೋದು. ಮಿಸ್ಸು ಶಹಭಾಸ್ ಅನ್ನೋದು, ಇವರು ಹಿಗ್ಗೋದು! ಆಮೇಲೆ ಇಯರ್‌ಫೋನೂ ಇವರೇ ಹಾಕ್ಕೊಂಡ್ರು. ಗಿರಾಕಿ ಬಂದ್ರೆ, 'ಶ್! ಕ್ಲಾಸ್ ನಡೀತಿದೆ, ಚೋಟು ನೀನು ನೋಡ್ಕೋ' ಅನ್ನೋರು! ವರ್ಷ ಪೂರ್ತಿ ಕೀ ಉಜ್ಜಿದ್ದು ನಾನು! ಬೀಗ ಬಿಚ್ಚಿದ್ದು ನಾನು! ನನ್ನ ಕ್ಲಾಸು ನೀವು ತಗೊಂಡ್ರಿ ಅಪ್ಪಾ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿ ನೋಡಿಕೊಳ್ಳುವ ಅಗತ್ಯವೂ ಇರಲಿಲ್ಲ, ಕುಂಬಳಕಾಯಿಯನ್ನು ಎತ್ತಿ ಹಿಡಿದು "ಯಸ್ ಮಿಸ್" ಅಂದಾಗಿತ್ತು. ನನ್ನ ಮಟ್ಟಿಗೆ ಒಂದು ಮಾತು ಮಾತ್ರ ಹೇಳಬೇಕು. ನಾನು ಓದು ಬಿಟ್ಟದ್ದು ಮೂರನೇ ಕ್ಲಾಸಿಗೆ. ಶಹಭಾಸ್ ಅಂತ ಯಾರೂ ಅಂದಿರಲಿಲ್ಲ.

ಏನು ಮಾಡಲೂ ತೋಚದೆ ಬೀಗದ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಕೊಕ್ಕೆತಂತಿ ತೂರಿಸಿದೆ. ತಂತಿ ಮುರಿಯಿತು. ಇನ್ನೊಂದು ತೂರಿಸಿದೆ, ಅದೂ ಮುರಿಯಿತು. ಇನ್ನೂರ ಹತ್ತು ದಿನ ಕೆಲಸ ಬಿಟ್ಟ ಕೈಗೂ ಬೀಗದ ಹಾಗೆ ತುಕ್ಕು ಹಿಡಿದಿತ್ತು.

"ಸರೀರಿ ಆ ಕಡೆ" ಅಂದಳು ಚೋಟು.

ಸರಿದೆ. ಅವಳು ಚೀಲದಿಂದ ಎಣ್ಣೆಯ ಡಬ್ಬಿ ತೆಗೆದಳು. ಬೀಗಕ್ಕೆ ಹಾಕುವ ಮುನ್ನ ಹೆಡ್ ಮಿಸ್ಸಿನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ಇದು ಯಾರದ್ದು?"

"ನಮ್ಮದಮ್ಮ. ಶಾಲೆಯದ್ದು. ತೆಗಿ" ಅಂದರು ಹೆಡ್ ಮಿಸ್ಸು.

ಎಣ್ಣೆ ಬಿಟ್ಟಳು. ಕಾದಳು. ಮರದ ಹಿಡಿಯಿಂದ ಎರಡೇ ಎರಡು ಸಲ ತಟ್ಟಿದಳು. ಮುರಿದ ಕೀಯ ಚೂರನ್ನು ಚಿಮಟದಲ್ಲಿ ಮುಳ್ಳು ಕಿತ್ತ ಹಾಗೆ ಎಳೆದಳು. ತಂತಿ ತೂರಿಸಿ ಕಿವಿ ಹತ್ತಿರ ತಂದು ತಿರುಗಿಸಿದಳು. ಬೀಗ ಕಳಚಿತು. ಮಕ್ಕಳು ಚಪ್ಪಾಳೆ ಹೊಡೆದರು, ಜವಾನ ಎಲ್ಲರಿಗಿಂತ ಜೋರಾಗಿ ಹೊಡೆದ.

"ತುಕ್ಕು ಹಿಡಿಯೋದು ನೀರು, ಗಾಳಿಯಿಂದ" ಅಂದಳು ಚೋಟು ಮಿಸ್ಸಿಗೆ. "ಎಣ್ಣೆ ಹಾಕಿದ್ರೆ ಅವೆರಡೂ ಒಳಗೆ ಹೋಗಲ್ಲ. ಇದನ್ನ ಅಪ್ಪ ಹೇಳ್ಲೇ ಇಲ್ಲ."

ಮಿಸ್ಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಡ್ ಮಿಸ್ಸು ಗುಮಾಸ್ತನಿಗೆ, "ಈ ಮಗುವನ್ನ ಐದಕ್ಕೆ ಬರ್ಕೊಳ್ರೀ. ಹಿಂದೆ ಬಿದ್ದದ್ದನ್ನ ದಿನಾ ಒಂದು ಗಂಟೆ ಕೂರಿಸ್ಕೊಂಡು ಹೇಳ್ಕೊಡೋಣ" ಅಂದರು.

"ಬರಿಯಕ್ಕಾಗಲ್ಲ ಮೇಡಂ. ನಲವತ್ತನೇ ಜಾಗ ಬೀಗದಂಗಡಿಯದ್ದು."

"ಅಯ್ಯೋ ಪುಣ್ಯಾತ್ಮ, ಬೀಗದಂಗಡಿ ಇಲ್ಲೇ ನಿಂತಿದ್ದಾರಲ್ರೀ, ಮೀಸೆ ಬಿಟ್ಕೊಂಡು!"

ಗುಮಾಸ್ತ ನನ್ನ ಮೀಸೆ ನೋಡಿದ, ಪುಸ್ತಕ ನೋಡಿದ. "ಹಾಗಾದ್ರೆ ಅವರಿಗೆ ಟಿ.ಸಿ. ಕೊಟ್ಟು ಕಳಿಸ್ಬಹುದು. ಜಾಗ ಖಾಲಿ ಆಗತ್ತೆ" ಅಂದ. ಆ ಮನುಷ್ಯನ ಬಾಯಿಂದ ಅವತ್ತು ಬಂದ ಒಂದೇ ಬುದ್ಧಿಮಾತು ಅದು.

ಅಲ್ಲೇ ನಿಂತು ಬರೆದುಕೊಟ್ಟ. ವಿದ್ಯಾರ್ಥಿಯ ಹೆಸರು: ಬೀಗದಂಗಡಿ. ಶಾಲೆ ಬಿಡಲು ಕಾರಣ: ವಯಸ್ಸು. ನಡತೆ ಅನ್ನುವ ಕಡೆ ಪೆನ್ನು ನಿಲ್ಲಿಸಿ ಚೋಟುವಿನ ಮುಖ ನೋಡಿದ. ಅವಳು ಹೇಳಿದ್ದನ್ನೇ ಬರೆದ: "ಬೇರೆಯವರ ಉತ್ತರವನ್ನು ತಾನು ಹೇಳುತ್ತಾನೆ." ವಿದ್ಯಾರ್ಥಿಯ ಸಹಿ ಅನ್ನುವ ಜಾಗದಲ್ಲಿ ಒಂದು ಸಹಿ ಹಾಕಿದೆ, ಪೋಷಕರ ಸಹಿ ಅನ್ನುವ ಜಾಗದಲ್ಲಿ ಇನ್ನೊಂದು.

ತಲೆಯೆತ್ತಿದಾಗ ಚೋಟು ಒಳಗೆ ಹೋಗಿಯಾಗಿತ್ತು. ಒಂದೇ ಬೂಟಿನಲ್ಲಿ, ಕನ್ನಡಕದವಳ ಪಕ್ಕ, ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಇನ್ನೊಂದು ಬೂಟನ್ನು ಕೈಯಲ್ಲಿ ಹಿಡಿದು ಬಾಗಿಲ ತನಕ ಹೋದೆ. ಬೋರ್ಡಿನ ಮೇಲೆ ಮಿಸ್ಸು ಏನೋ ಬರೆಯುತ್ತಿದ್ದರು. ಅದೇನು ಅಂತ ಇಣುಕುವಷ್ಟರಲ್ಲಿ ಚೋಟು ಎದ್ದು ಬಂದು ಬೂಟು ಇಸಕೊಂಡು, ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದೂ ಕೇಳಿಸಿತು.

ಮನೆಗೆ ಬಂದು ಹೆಂಡತಿಯ ಎದುರು ಟಿ.ಸಿ. ಇಟ್ಟೆ. ಓದಿದಳು. "ನಡತೆ ಸರಿಯಾಗಿ ಬರೆದಿದ್ದಾರೆ" ಅಂದಳು. ಅತ್ತೆಗೆ ತಾನೇ ಫೋನ್ ಮಾಡಿ ಓದಿ ಹೇಳಿದಳು.

ಸಂಜೆ ಚೋಟು ಬಂದು ನನ್ನನ್ನು ಮಾತಾಡಿಸದೆ ಶಾಲೆಯ ಚೀಲವನ್ನು ಮೊಳೆಗೆ ಸಿಕ್ಕಿಸಿದಳು. ನಾನು ಅರದಿಂದ ಒಂದು ಕೀ ಉಜ್ಜುತ್ತಾ ಕೂತಿದ್ದೆ. ತಡೆದುಕೊಂಡೆ, ತಡೆದುಕೊಂಡೆ, ಆಗಲಿಲ್ಲ.

"ಇವತ್ತು ಏನು ಪಾಠ ಆಯ್ತು?"

ಅವಳು ಕೈಕಾಲು ತೊಳೆಯಲು ಹೋದಳು. ಎದ್ದು ಚೀಲದ ಹತ್ತಿರ ಹೋದೆ. ಅದರ ಜಿಪ್ಪಿಗೆ ಒಂದು ಸಣ್ಣ ಹಿತ್ತಾಳೆ ಬೀಗ ಜೋಲಾಡುತ್ತಿತ್ತು. ನಮ್ಮ ಅಂಗಡಿಯದ್ದೇ ಮಾಲು. ಅಂಥದ್ದನ್ನು ತೆಗೆಯಲು ನನಗೆ ತಲೆಪಿನ್ನು ಒಂದಿದ್ದರೆ ಅರ್ಧ ನಿಮಿಷ ಸಾಕು. ಕೈ ಹೋಗಿಯೂ ಹೋಯಿತು.

ಹಿಂದೆ ಹೆಜ್ಜೆ ಸದ್ದಾಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ತಿರುಗದೆಯೇ ಕೇಳಿದೆ.

"ಇದು ಯಾರದ್ದು?"

"ನನ್ನದು" ಅಂದಳು ಚೋಟು.

ತುಂಬಾ ಹೊತ್ತು ಕಾದೆ. ತೆಗಿ ಅನ್ನಲಿಲ್ಲ.